ಜೆಪ್ಪುವಿನ ಹಂಚಿನ ಕಾರ್ಖಾನೆ ಬಹುರಾಷ್ಟ್ರೀಯ ಕಂಪನಿಯೇ? ಮೀರಾ ವಿಲ್ಕಿನ್ಸ್ ಓದಿದವರು ಯಾರಾದರೂ ಇದ್ದೀರಾ?

ಉಡುಪಿ ಕಾಮರ್ಸ್ ಟೀಚರ್:

ಎಲ್ಲರಿಗೂ ನಮಸ್ಕಾರ. ಉಡುಪಿಯ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಮಾಡುತ್ತೇನೆ. ಬಹುರಾಷ್ಟ್ರೀಯ ಕಂಪನಿಗಳ ಬೆಳವಣಿಗೆ ಅಂತ ಒಂದು ಅಧ್ಯಾಯ ಉಂಟು. ನಮ್ಮ ನೋಟ್ಸ್‌ನಲ್ಲಿ ಅದು ಎರಡನೇ ಮಹಾಯುದ್ಧದ ನಂತರ ಶುರುವಾಗಿ ಸೀದಾ ಭಾರತದ ಉದಾರೀಕರಣದ ವರ್ಷ 1991ಕ್ಕೆ ಬಂದು ನಿಲ್ಲುತ್ತದೆ. ಮೊನ್ನೆ ಮಂಗಳೂರಿನ ಜೆಪ್ಪು ಕಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ನಮ್ಮಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲೇ ಹಂಚಿನ ಫ್ಯಾಕ್ಟರಿ ಹಾಕಿದ್ದರಲ್ಲ. ಆಫೀಸು ಸ್ವಿಟ್ಜರ್ಲೆಂಡಿನಲ್ಲಿ, ಕೆಲಸ ಇಲ್ಲಿ. ಹಾಗಾದರೆ ಅದು ಎಂತದು?"

ಪ್ರಶ್ನೆ ಬಹಳ ಒಳ್ಳೆಯದು ಅನಿಸಿತು. ಅದನ್ನೇ ಪ್ರಾಜೆಕ್ಟ್ ಮಾಡು ಎಂದೆ. ಈ ವಿಷಯಕ್ಕೆ ಮೀರಾ ವಿಲ್ಕಿನ್ಸ್ ಎಂಬ ಇತಿಹಾಸಕಾರ್ತಿಯ ಕೆಲಸವೇ ಬುನಾದಿ ಎಂದು ಅಲ್ಲಿ ಇಲ್ಲಿ ಓದಿದ್ದೇನೆ. ಅವರು ನಿಜವಾಗಿ ಏನು ಹೇಳಿದ್ದಾರೆ? ನಮ್ಮ ಊರಿನ ಕಾರ್ಖಾನೆ ಆ ಚೌಕಟ್ಟಿನಲ್ಲಿ ಕೂರುತ್ತದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಕಾರ್ಕಳದವ:

ಈಸ್ಟ್ ಇಂಡಿಯಾ ಕಂಪನಿ 1600ರದ್ದು, ಡಚ್ಚರ ಕಂಪನಿ 1602ರದ್ದು. ಅಲ್ಲಿಂದಲೇ ಶುರು ಮಾಡಬಹುದಲ್ವಾ ಮೇಡಂ?

ಬಂದರು ರೋಡಿನವರು:

ಮೇಡಂ, ನಾನು ಮಂಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಹದ ಮಾಡುವ ಕಾರ್ಖಾನೆ) ಒಂದರ ಆಫೀಸಿನಲ್ಲಿ ಲೆಕ್ಕ ಬರೆದು ರಿಟೈರ್ ಆದವನು. ಯಾರ ಕಾಫಿ, ಯಾರ ಹಣ, ತೀರ್ಮಾನ ಯಾರದ್ದು, ಇದನ್ನು ದಿನವೂ ಕಣ್ಣಾರೆ ನೋಡಿದ ಕಾರಣ ವಿಲ್ಕಿನ್ಸ್ ಬರವಣಿಗೆ ನನ್ನನ್ನು ಬಲವಾಗಿ ಹಿಡಿಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ವಿಲ್ಕಿನ್ಸ್ ಹುಟ್ಟಿದ್ದು 1931ರಲ್ಲಿ. ಬಹಳ ಕಾಲ ಮಯಾಮಿಯ ಫ್ಲೋರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಾಠ ಮಾಡಿದವರು. ಮೊದಲು ಫ್ರಾಂಕ್ ಅರ್ನೆಸ್ಟ್ ಹಿಲ್ ಅವರ ಜೊತೆ ಸೇರಿ ಫೋರ್ಡ್ ಕಂಪನಿ ಹೊರದೇಶಗಳಲ್ಲಿ ಬೆಳೆದ ಬಗೆಯನ್ನು ಬರೆದರು. ಅದು ಬಂದದ್ದು 1964ರಲ್ಲಿ. ಫೋರ್ಡ್ ಶುರುವಾದದ್ದು 1903, ಮರುವರ್ಷವೇ ನದಿಯಾಚೆ ಕೆನಡಾದಲ್ಲಿ ಕಂಪನಿ, 1911ಕ್ಕೆ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ. ಇಷ್ಟು ಬೇಗ ಹೊರಗೆ ಹೋದದ್ದು ಫೋರ್ಡ್ ಒಂದೇ ಅಲ್ಲ ಎಂದು ತೋರಿಸಲು ಅವರು ಅಮೆರಿಕದ ಕಂಪನಿಗಳ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ತಂದರು, 1970 ಮತ್ತು 1974ರಲ್ಲಿ.

ಅದರಲ್ಲಿ ಒಂದು ಲೆಕ್ಕ ಉಂಟು. ನಿಮ್ಮ ನೋಟ್ಸ್ ತಿದ್ದಲು ಅದೊಂದೇ ಸಾಕು. 1914ರಲ್ಲಿ ಅಮೆರಿಕದ ಕಂಪನಿಗಳು ಹೊರದೇಶಗಳಲ್ಲಿ ನೇರವಾಗಿ ಹೂಡಿದ್ದ ಹಣ ಸುಮಾರು 265 ಕೋಟಿ ಡಾಲರ್. ಆ ದೇಶದ ಒಟ್ಟು ಉತ್ಪನ್ನದ ಶೇ. 7. 1966ರಲ್ಲಿ ನೋಡಿದರೂ ಅದೇ ಶೇ. 7. ಅಂದರೆ ಎರಡನೇ ಮಹಾಯುದ್ಧದ ನಂತರ ದಿಢೀರ್ ಎಂದು ಹುಟ್ಟಿದ್ದು ಎಂದು ನಾವೆಲ್ಲ ಕಲಿತದ್ದು, ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಅಷ್ಟೇ ದೊಡ್ಡದಾಗಿತ್ತು.

ಆದರೆ ಅಂಕಿಗಿಂತ ಅವರು ಕೇಳಿದ ಪ್ರಶ್ನೆ ನನಗೆ ಮುಖ್ಯ. ಒಂದು ಕಂಪನಿ ಗಡಿ ದಾಟುವುದು ಹೇಗೆ? ಹಂತ ಹಂತವಾಗಿ. ಸಿಂಗರ್ ಹೊಲಿಗೆ ಯಂತ್ರವನ್ನೇ ತೆಗೆದುಕೊಳ್ಳಿ. 1855ರಲ್ಲಿ ಫ್ರಾನ್ಸಿನ ಪೇಟೆಂಟನ್ನು ಷಾರ್ಲ್ ಕ್ಯಾಲೆಬೋ ಎಂಬ ವ್ಯಾಪಾರಿಗೆ ಮಾರಿದರು. ಆತ ಹಣ ಕೊಡಲು ಸತಾಯಿಸಿದ, ಎಷ್ಟು ಯಂತ್ರ ಮಾಡಿದೆ ಎಂದು ಹೇಳಲಿಲ್ಲ, ಎದುರಾಳಿಯ ಯಂತ್ರವನ್ನೂ ಮಾರಿದ. ಆ ಪೆಟ್ಟಿನ ನಂತರ ಸಿಂಗರ್‌ನವರು ಪರರ ಕೈಗೆ ಹಕ್ಕು ಕೊಡುವುದನ್ನು ಬಿಟ್ಟು ತಮ್ಮದೇ ಜನ, ತಮ್ಮದೇ ಅಂಗಡಿ ಕಡೆಗೆ ಹೊರಳಿದರು. 1867ರಲ್ಲಿ ಗ್ಲಾಸ್ಗೋದಲ್ಲಿ ಕಾರ್ಖಾನೆ ಹಾಕಿದರು. ಅಲ್ಲಿ ಕೂಲಿ ಕಡಿಮೆ, ಯುರೋಪಿಗೆ ಸಾಗಣೆ ಹತ್ತಿರ. ಏಜೆಂಟನ್ನು ನಂಬಿ ಕೆಟ್ಟ ವ್ಯಾಪಾರಿ ಮುಂದೆ ಏನು ಮಾಡುತ್ತಾನೆ ಎಂದು ನಮ್ಮ ಬಂದರಿನ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ.

ಎಲ್ಲ ಕಂಪನಿಗಳೂ ಹೀಗೆ ಮನೆಯಲ್ಲಿ ಬೆಳೆದು ಹೊರಗೆ ಹೋದವಲ್ಲ ಎಂದು ವಿಲ್ಕಿನ್ಸ್ 1988ರ ಒಂದು ಲೇಖನದಲ್ಲಿ ತೋರಿಸಿದರು. ಬ್ರಿಟನ್ನಿನಲ್ಲಿ ಸಾವಿರಾರು ಕಂಪನಿಗಳು ಲಂಡನ್ನಿನಲ್ಲಿ ರಿಜಿಸ್ಟರ್ ಆಗುತ್ತಿದ್ದವು. ಶೇರು ಅಲ್ಲಿ, ನಾಲ್ಕು ಕುರ್ಚಿಯ ಆಫೀಸು ಅಲ್ಲಿ, ಕೆಲಸ ಪೂರ್ತಿ ಹೊರದೇಶದಲ್ಲಿ. ಇದನ್ನು ಅವರು ಫ್ರೀ-ಸ್ಟ್ಯಾಂಡಿಂಗ್ ಕಂಪನಿ ಎಂದು ಕರೆದರು. ನಮಗೆ ಹತ್ತಿರದ ಉದಾಹರಣೆ ಕೋಲಾರ. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ 1880ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಗಣಿ ನಡೆಸುವ ಜ್ಞಾನ ಕೊಟ್ಟದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬೇರೆ ಸಂಸ್ಥೆ. 1902ರಲ್ಲಿ ಆ ಗಣಿಗಳಿಗೆ ಶಿವನಸಮುದ್ರದಿಂದ ಕರೆಂಟು ಬಂತು. ಅದಕ್ಕೆ ಯಂತ್ರ ಕೊಟ್ಟವರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಇತ್ತು. ನೋಡಿ, ವಿಲ್ಕಿನ್ಸ್ ವಿವರಿಸಿದ ಎರಡೂ ಬಗೆಯ ಕಂಪನಿಗಳು, ಮನೆಯಲ್ಲಿ ಬೆಳೆದು ಹೊರಗೆ ಹೋದದ್ದು ಮತ್ತು ಫ್ರೀ-ಸ್ಟ್ಯಾಂಡಿಂಗ್, ನಮ್ಮ ರಾಜ್ಯದ ಒಂದೇ ತಂತಿಯ ಎರಡು ತುದಿಯಲ್ಲಿ!

ಕಾರ್ಕಳದವರೇ, ಈಸ್ಟ್ ಇಂಡಿಯಾ ಕಂಪನಿಯನ್ನು ಬಿಡುವುದು ಬೇಡ. ಆದರೆ ಅದಕ್ಕೆ ರಾಜನ ಸನ್ನದು ಇತ್ತು, ಸೈನ್ಯ ಇತ್ತು. ಸಿಂಗರ್‌ಗೆ ಇದ್ದದ್ದು ಕಂತಿನಲ್ಲಿ ಮಾರುವ ಸೇಲ್ಸ್‌ಮನ್. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಮಕ್ಕಳಿಗೆ ಬೆಳವಣಿಗೆ ಕಾಣುವುದಿಲ್ಲ.

ಬಲ್ಮಠ ಗುಡ್ಡೆ:

ಬಂದರು ರೋಡಿನವರು ಬರೆದದ್ದು ಓದಿ ಖುಷಿಯಾಯಿತು. ಆದರೆ ಬಾಸೆಲ್ ಮಿಷನ್ ವಿಷಯದಲ್ಲಿ ಒಂದು ತಕರಾರು. ಅವರು ಇಲ್ಲಿಗೆ ಬಂದದ್ದು 1834ರಲ್ಲಿ, ಧರ್ಮಪ್ರಚಾರಕ್ಕೆ. ಕ್ರೈಸ್ತರಾದವರಿಗೆ ಊರಲ್ಲಿ ಹಳೇ ಕಸುಬು ತಪ್ಪಿಹೋಗುತ್ತಿತ್ತು. ಅವರಿಗೆ ಅನ್ನದ ದಾರಿ ಬೇಕಿತ್ತು. ಅದಕ್ಕೆ ನೇಯ್ಗೆ, ಪ್ರೆಸ್ಸು, ಹಂಚು ಬಂದದ್ದು. ನಮ್ಮ ಕುಟುಂಬದ ಹಿರಿಯರು ಅಲ್ಲೇ ದುಡಿದವರು. ಲಾಭ ಹುಡುಕಿಕೊಂಡು ಹೊರಟ ಸಿಂಗರ್ ಜೊತೆ ಅದನ್ನು ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಉಡುಪಿ ಕಾಮರ್ಸ್ ಟೀಚರ್:

ನನಗೂ ಅದೇ ಗೊಂದಲ. ಲಾಭ ಮಿಷನ್‌ಗೆ ಹೋಗುತ್ತಿದ್ದರೆ ಅದನ್ನು ಕಂಪನಿ ಎನ್ನಬಹುದೇ?

ಬಂದರು ರೋಡಿನವರು:

ಬಲ್ಮಠದವರ ಮಾತು ಸರಿ ಉಂಟು, ಪ್ರಾಜೆಕ್ಟಿನಲ್ಲಿ ಅದು ಬರಲೇಬೇಕು. ಆದರೆ 1859ರಲ್ಲಿ ಬಾಸೆಲ್‌ನಲ್ಲಿ ವ್ಯಾಪಾರಕ್ಕೆಂದೇ ಬೇರೆ ಕಂಪನಿ ಮಾಡಿದರು. ಅದಕ್ಕೆ ಶೇರುದಾರರಿದ್ದರು. ಡಿವಿಡೆಂಡಿಗೆ ಮಿತಿ ಇತ್ತು, ಉಳಿದದ್ದು ಮಿಷನ್ ಕೆಲಸಕ್ಕೆ. ಅದೇ ಕಂಪನಿ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲೂ, ಅಂದರೆ ಇವತ್ತಿನ ಘಾನಾದಲ್ಲೂ ವ್ಯಾಪಾರ ಮಾಡುತ್ತಿತ್ತು. ಮುಂದೆ ಇಲ್ಲಿನ ಕಾರ್ಖಾನೆಗಳೂ ಅದರ ಕೈಗೆ ಬಂದವು. ಉದ್ದೇಶ ಬೇರೆ, ನಡೆಸುವ ಕ್ರಮ ಕಂಪನಿಯದ್ದೇ.

ತಂತ್ರಜ್ಞಾನ ಬಂದ ದಾರಿಯನ್ನೂ ನೋಡಿ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ದೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಆ ಊರು ಬಾಸೆಲ್‌ಗೆ ಹತ್ತಿರ. ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ನಮ್ಮ ಹೊಳೆಬದಿಯ ಜೇಡಿಮಣ್ಣಿನಲ್ಲಿ ಅಂಥ ಹಂಚು ಮಾಡಿಸಿದರು. 1868ಕ್ಕೆ ಊರಿನವರೇ ಆದ ಆಲ್ಬುಕರ್ಕ್ ಅವರ ಕಾರ್ಖಾನೆ ಬಂತು, ಆಮೇಲೆ ಹೊಳೆಗುಂಟ ಚಿಮಣಿಗಳ ಸಾಲು. ಹೊರಗಿನ ಕಂಪನಿ ತಂದ ವಿದ್ಯೆ ಊರಿನವರ ಕೈಗೆ ಇಷ್ಟು ಬೇಗ ಬಂದದ್ದು ನನಗೆ ಇಡೀ ಕಥೆಯಲ್ಲಿ ಅತ್ಯಂತ ಹೆಮ್ಮೆಯ ಭಾಗ.

ಇನ್ನು ಮೊದಲ ಮಹಾಯುದ್ಧ. ಸಂಸ್ಥೆ ಸ್ವಿಸ್, ಆದರೆ ಕೆಲಸ ಮಾಡುವವರಲ್ಲಿ ಜರ್ಮನ್ನರು ಜಾಸ್ತಿ. ಬ್ರಿಟಿಷ್ ಸರಕಾರ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಜರ್ಮನಿಯ ಔಷಧ ಕಂಪನಿ ಬೇಯರ್‌ನ ಆಸ್ತಿಯನ್ನು ಶತ್ರುವಿನ ಆಸ್ತಿ ಎಂದು ಹಿಡಿದು 1918ರಲ್ಲಿ ಹರಾಜು ಹಾಕಿದರು. ಅಮೆರಿಕಕ್ಕೆ ಬಂದ ಹೊರಗಿನ ಹಣದ ಬಗ್ಗೆ ವಿಲ್ಕಿನ್ಸ್ ಬರೆದ ದೊಡ್ಡ ಸಂಪುಟಗಳು 1989 ಮತ್ತು 2004ರಲ್ಲಿ ಬಂದವು, ಈ ವಿಷಯ ಅಲ್ಲಿ ಸಿಗುತ್ತದೆ. ನಿಮ್ಮ ಹುಡುಗಿ ಜೆಪ್ಪುವನ್ನು ಬೇಯರ್ ಪಕ್ಕದಲ್ಲಿಟ್ಟು ನೋಡಲಿ. ಯುದ್ಧ ಬಂದಾಗ ಕಂಪನಿ ಯಾವ ದೇಶದ್ದು ಎಂದು ತೀರ್ಮಾನಿಸಿದ್ದು ಕಂಪನಿ ಅಲ್ಲ, ಸರಕಾರ.

ಬಲ್ಮಠ ಗುಡ್ಡೆ:

ಇದು ಒಪ್ಪುತ್ತೇನೆ. ಹಾಗಿದ್ದರೆ ಮೇಡಂ, ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ಗೆ ಅವಳನ್ನು ಕಳಿಸಿ. ಮೊದಲೇ ಪತ್ರ ಬರೆದು ಅನುಮತಿ ಕೇಳುವುದು ಒಳ್ಳೆಯದು. ಹಳೇ ಕಾಗದ ಬಹಳಷ್ಟು ಜರ್ಮನ್ ಕೈಬರಹದಲ್ಲಿ ಇರುತ್ತದೆ, ಅದಕ್ಕೆ ಹೆದರುವುದು ಬೇಡ. ಇಲ್ಲಿನ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾದ ಇಂಗ್ಲಿಷ್ ವಾರ್ಷಿಕ ವರದಿಗಳಿಂದ ಶುರು ಮಾಡಲಿ. ಬಾಸೆಲ್‌ನ ಸಂಗ್ರಹದ ಫೋಟೋಗಳು ನೆಟ್‌ನಲ್ಲೇ ಸಿಗುತ್ತವೆ.

ಬಂದರು ರೋಡಿನವರು:

ವರದಿ ಓದುವಾಗ ಒಂದೇ ಪ್ರಶ್ನೆ ಕೈಯಲ್ಲಿ ಹಿಡಿದಿರಲಿ: ಹೊಸ ಭಟ್ಟಿ ಕಟ್ಟಬೇಕಾದರೆ ಒಪ್ಪಿಗೆ ಕೊಟ್ಟವರು ಮಂಗಳೂರಿನಲ್ಲಿದ್ದರೋ, ಬಾಸೆಲ್‌ನಲ್ಲೋ? ಒಪ್ಪಿಗೆ ಬಾಸೆಲ್‌ನಿಂದ ಬರುತ್ತಿದ್ದರೆ ಅವಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಉಂಟು. ಹಂಚಿನ ದರ ನಿಗದಿ ಮಾಡಿದವರು ಯಾರು ಎಂಬುದನ್ನೂ ಹುಡುಕಲಿ. ಸಿಕ್ಕಿದ್ದನ್ನು ಇಲ್ಲಿ ಖಂಡಿತ ಹಾಕಿಸಿ ಮೇಡಂ.