ಅಮ್ಮನ ಕಿಡ್ನಿ ಹಾಕಿದರೂ ತಮ್ಮನಿಗೆ ಯೂರಿನ್ ಬರುತ್ತಿಲ್ಲ, ಬಯಾಪ್ಸಿ ಮಾಡಿಸಲೇಬೇಕಾ?

ಮಾಲೂರಿನ ಅಕ್ಕ
ತಮ್ಮನಿಗೆ ಬೆಂಗಳೂರಿನಲ್ಲಿ ಕಿಡ್ನಿ ಹಾಕಿ ವಾರದ ಮೇಲಾಯಿತು. ಯೂರಿನ್ ಬ್ಯಾಗ್‌ನಲ್ಲಿ ತಳ ಮುಚ್ಚುವಷ್ಟೂ ಇರಲ್ಲ. ಕಿಡ್ನಿ ಹೊರಹಾಕಬೇಕಾದ ಕಸ, ರಕ್ತದ ಕ್ರಿಯಾಟಿನಿನ್, 7ರಿಂದ ಇಳಿದಿಲ್ಲ, ಮತ್ತೆ ಡಯಾಲಿಸಿಸ್. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆಯಂತೆ, ಮೂತ್ರನಾಳ ಕಟ್ಟಿಲ್ಲ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ಲೆವೆಲ್ಲೂ ಜಾಸ್ತಿ ಇಲ್ಲ. ಕಾಯೋಣ ಅಂದವರೇ ಈಗ ಬಯಾಪ್ಸಿ, ಅಂದರೆ ಸೂಜಿಯಲ್ಲಿ ಕಿಡ್ನಿಯ ಚೂರು ತೆಗೆದು ನೋಡಬೇಕು, ಅನ್ನುತ್ತಿದ್ದಾರೆ. "ನಾನು ಕೊಟ್ಟಿದ್ದಕ್ಕೆ ಸೂಜಿ ಚುಚ್ತಾರಾ" ಅಂತ ಅಮ್ಮನ ಗೋಳು. ಇನ್ನೂ ಸ್ವಲ್ಪ ಕಾಯಬಾರದಾ?

ಡಯಾಲಿಸಿಸ್ ಟೆಕ್ನಿಷಿಯನ್, ಚಿಕ್ಕಬಳ್ಳಾಪುರ
ತೀರಿಕೊಂಡವರ ಕಿಡ್ನಿಯಾದರೆ ಗಂಟೆಗಟ್ಟಲೆ ಐಸ್‌ನಲ್ಲಿ ಇದ್ದು ಬಂದಿರುತ್ತೆ, ಚೇತರಿಸಿಕೊಳ್ಳಲು ತಡವಾಗೋದು ಮಾಮೂಲು. ಬದುಕಿರುವವರು ಕೊಟ್ಟಿದ್ದು ಸಾಮಾನ್ಯವಾಗಿ ಟೇಬಲ್ ಮೇಲೇ ಯೂರಿನ್ ಬಿಡುತ್ತೆ. ಹಾಗಾಗಿ ಸುಮ್ನೆ ಕಾಯೋದು ನನಗೆ ಸರಿ ಕಾಣಲ್ಲ. ರಿಜೆಕ್ಷನ್, ಅಂದರೆ ದೇಹವೇ ಹೊಸ ಕಿಡ್ನಿ ವಿರುದ್ಧ ತಿರುಗಿಬೀಳೋದು, ಇದೆಯಾ ಅನ್ನೋದಕ್ಕೂ ಬಯಾಪ್ಸಿಯೇ ಬೇಕು. ಒಂದು ಕೇಳಲಾ? ತಮ್ಮನಿಗೆ ಮೊದಲು ಕಿಡ್ನಿ ಹೋಗಿದ್ದು ಯಾಕೆ?

ಮಾಲೂರಿನ ಅಕ್ಕ
ಯಾರೂ ಸರಿಯಾಗಿ ಹೇಳಲಿಲ್ಲ. ಸ್ಕೂಲಿಗೆ ಹೋಗುವಾಗಿಂದ ಕಲ್ಲು ಆಗುತ್ತಿತ್ತು. ನಮ್ಮ ಕಡೆ ಬೋರ್‌ವೆಲ್ ನೀರು, ಫ್ಲೋರೈಡ್ ಬೇರೆ. ಅದಕ್ಕೇ ಅಂದುಕೊಂಡೆವು.

ಚಿಂತಾಮಣಿಯ ಪೆಥಾಲಜಿಯವನು
ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆದವರಾ?

ಮಾಲೂರಿನ ಅಕ್ಕ
ಹೌದು, ಸೋದರಮಾವನನ್ನೇ ಮದುವೆ ಆಗಿದ್ದು.

ಚಿಂತಾಮಣಿಯ ಪೆಥಾಲಜಿಯವನು
ಹಾಗಾದರೆ ಕಲ್ಲು, ಸಂಬಂಧದ ಮದುವೆ, ಈ ಎರಡು ವಿಷಯ ಇವತ್ತೇ ಡಾಕ್ಟರ್‌ಗೆ ಹೇಳಿ. ಪ್ರೈಮರಿ ಹೈಪರ್‌ಆಕ್ಸಲೂರಿಯಾ ಅಂತ ಒಂದು ವಂಶದ ಕಾಯಿಲೆ ಇದೆ. ಲಿವರ್‌ನಲ್ಲಿ ಒಂದು ಎನ್‌ಜೈಮ್ ಕೆಲಸ ಮಾಡದೆ ಕಲ್ಲು ಕಟ್ಟಿಸುವ ಆಕ್ಸಲೇಟ್ ಅನ್ನೋ ವಸ್ತು ಜಾಸ್ತಿ ತಯಾರಾಗುತ್ತೆ. ಕಿಡ್ನಿ ಬದಲಾದರೂ ಲಿವರ್ ಹಳೆಯದೇ ಅಲ್ವಾ, ಹೊಸದರಲ್ಲೂ ಹರಳು ಕೂರುತ್ತೆ. ಬಯಾಪ್ಸಿ ಸ್ಲೈಡನ್ನು ಮೈಕ್ರೋಸ್ಕೋಪ್‌ಗೆ ಫಿಲ್ಟರ್ ಹಾಕಿ ಪೋಲರೈಸ್ಡ್ ಬೆಳಕಿನಲ್ಲಿ ಇಟ್ಟರೆ ಆ ಹರಳು ಕತ್ತಲಲ್ಲಿ ಬಣ್ಣಬಣ್ಣವಾಗಿ ಹೊಳೆಯುತ್ತೆ. ಆ ಫಿಲ್ಟರ್ ಹಾಕದಿದ್ದರೆ ಕಣ್ಣು ತಪ್ಪಬಹುದು, ಅದಕ್ಕೇ ಕಲ್ಲಿನ ವಿಷಯ ಮೊದಲೇ ತಿಳಿದಿರಬೇಕು.

ಇನ್ನೊಂದು ವಂಶದ ಕಾಯಿಲೆ ಎಪಿಆರ್‌ಟಿ ಅನ್ನೋ ಎನ್‌ಜೈಮ್‌ನ ಕೊರತೆ, ಅದರಲ್ಲಿ ಕಿಡ್ನಿಯಲ್ಲಿ ಬೇರೆ ಥರದ ಹರಳು ಕೂರುತ್ತೆ. ಅದರ ಹರಳೂ ಹೊಳೆಯುತ್ತೆ, ಆದರೆ ಮಾಮೂಲಿ ಬೆಳಕಿನಲ್ಲಿ ಕಂದು ಛಾಯೆ. ಅವಸರದಲ್ಲಿ ಆಕ್ಸಲೇಟ್ ಅಂತ ಬರೆದುಬಿಡುತ್ತಾರೆ. ಇದಕ್ಕೆ ಅಲೋಪ್ಯೂರಿನಾಲ್ ಅನ್ನೋ ಅಗ್ಗದ ಮಾತ್ರೆ ಇದೆ. ನೀವಾಗಿ ಕೊಡಬೇಡಿ ಮಾತ್ರ. ಕಿಡ್ನಿ ಹಾಕಿಸಿಕೊಂಡವರಿಗೆ ಕೊಡುವ ಅಜಾಥಯೋಪ್ರಿನ್ ಮಾತ್ರೆ ಜೊತೆ ಸೇರಿದರೆ ಬಿಳಿ ರಕ್ತಕಣ ಕುಸಿಯುತ್ತೆ.

ನಾಲ್ಕು ಹರಳು ಕಂಡ ಮಾತ್ರಕ್ಕೆ ವಂಶದ ಕಾಯಿಲೆ ಅನ್ನೋಕೂ ಆಗಲ್ಲ. ಬಹಳ ದಿನ ಡಯಾಲಿಸಿಸ್‌ನಲ್ಲಿ ಇದ್ದವರ ಮೈಯಲ್ಲಿ ಆಕ್ಸಲೇಟ್ ಸೇರಿಕೊಂಡಿರುತ್ತೆ. ರಕ್ತದ ಆಕ್ಸಲೇಟ್, ಜೀನ್ ಟೆಸ್ಟ್ ಎರಡೂ ಬೇಕು.

ಮಾಲೂರಿನ ಅಕ್ಕ
ರೌಂಡ್ಸ್‌ನಲ್ಲಿ ಹೇಳಿದೆ. ಹಳೇ ಕಲ್ಲಿನ ರಿಪೋರ್ಟ್ ತರಿಸಿ ಅಂದರು, ಅಪ್ಪ ಟ್ರಂಕ್ ಹುಡುಕುತ್ತಿದ್ದಾರೆ. ನಾಳೆ ಬಯಾಪ್ಸಿ. ಅಮ್ಮ ಮಸ್ಸೊಪ್ಪು ಮಾಡಿ ಕಳಿಸಲಾ ಅಂತಾಳೆ, ಕೊಡಬಹುದಾ?

ಡಯಾಲಿಸಿಸ್ ಟೆಕ್ನಿಷಿಯನ್, ಚಿಕ್ಕಬಳ್ಳಾಪುರ
ಈಗ ಬೇಡ. ಪಾಲಕ್, ದಂಟು ಎರಡರಲ್ಲೂ ಆಕ್ಸಲೇಟ್ ಜಾಸ್ತಿ, ಪೊಟ್ಯಾಷಿಯಂ ಬೇರೆ. ರಿಪೋರ್ಟ್ ಬರಲಿ, ಡಯಟಿಷಿಯನ್ ಕೇಳಿ.