ಪ್ರೊಬಯಾಟಿಕ್ ಕ್ಯಾಪ್ಸೂಲ್ ತಗೊಂಡ್ರೆ ನಿಜವಾಗ್ಲೂ ಹೊಟ್ಟೆಗೆ ಒಳ್ಳೇದಾ?

ಸುಮಾ, ತುಮಕೂರು

ಅಮ್ಮನಿಗೆ 58 ವರ್ಷ. ಈಚೆಗೆ ಊಟ ಆದ ತಕ್ಷಣ ಹೊಟ್ಟೆ ಉಬ್ಬರಿಸಿಕೊಳ್ಳುತ್ತದೆ, ಗ್ಯಾಸ್ ಬೇರೆ. ಮೆಡಿಕಲ್ ಶಾಪಿನಲ್ಲಿ ಒಂದು ಡಬ್ಬಿ ತೋರಿಸಿದರು. ಹತ್ತು ಬಗೆಯ ಬ್ಯಾಕ್ಟೀರಿಯಾ, 50 ಬಿಲಿಯನ್ ಅಂತ ದಪ್ಪ ಅಕ್ಷರದಲ್ಲಿದೆ, ಬೆಲೆ ಸಾವಿರದ ಮೇಲೆ. ಹೋದ ತಿಂಗಳು ಉರಿಮೂತ್ರಕ್ಕೆ ಆಂಟಿಬಯಾಟಿಕ್ ಬರೆದಾಗಲೂ ಡಾಕ್ಟರು ಜೊತೆಗೊಂದು ಪ್ರೊಬಯಾಟಿಕ್ ಬರೆದಿದ್ದರು. ಮನೆಯಲ್ಲಿ ದಿನಾ ಮೊಸರನ್ನ ಇದ್ದೇ ಇದೆ. ಇದರ ಮೇಲೆ ದುಡ್ಡು ಹಾಕಬಹುದಾ? ಸಂಶೋಧನೆ ಓದಿದವರು ಹೇಳಿ.

ಗಿರೀಶ್

ಸುಮಾ ಅವರೇ, ಪ್ರೊಬಯಾಟಿಕ್ ಅಂದರೆ ಒಳ್ಳೇದಾಗಲಿ ಅಂತ ನುಂಗುವ ಜೀವಂತ ಬ್ಯಾಕ್ಟೀರಿಯಾ. ‘ಪ್ರೊಬಯಾಟಿಕ್ ಒಳ್ಳೇದಾ’ ಅಂತ ಕೇಳುವುದು ‘ಮಾತ್ರೆ ಒಳ್ಳೇದಾ’ ಅಂತ ಕೇಳಿದ ಹಾಗೆ. ಯಾವ ಮಾತ್ರೆ, ಯಾವ ಕಾಯಿಲೆಗೆ ಅನ್ನಬೇಕಲ್ವಾ?

ನಮ್ಮ ದೇಶದ್ದೇ ಒಂದು ಒಳ್ಳೆಯ ಪ್ರಯೋಗ ಇದೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಸೇರಿಸಿಕೊಂಡು ಮಾಡಿದ್ದು, 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅರ್ಧ ಮಕ್ಕಳಿಗೆ ಒಂದು ವಾರ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದೇ ಒಂದು ತಳಿ, ಜೊತೆಗೆ ಆ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆ ಕೊಟ್ಟರು. ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಪುಡಿ. ಎರಡು ತಿಂಗಳೊಳಗೆ ನಂಜೇರಿದ ಅಥವಾ ತೀರಿಕೊಂಡ ಮಕ್ಕಳು ಖಾಲಿ ಪುಡಿಯವರಲ್ಲಿ ಶೇ. 9, ಇವರಲ್ಲಿ ಶೇ. 5.4. ಸಣ್ಣ ವಿಷಯ ಅಲ್ಲ ಇದು.

ಆದರೆ 2018ರಲ್ಲಿ ಅಮೆರಿಕ, ಕೆನಡಾದಿಂದ ಎರಡು ದೊಡ್ಡ ಪ್ರಯೋಗ ಬಂದವು. ವಾಂತಿ-ಭೇದಿ ಅಂತ ಆಸ್ಪತ್ರೆಗೆ ಬಂದ ಮಕ್ಕಳಿಗೆ ಬೇರೆ ಲ್ಯಾಕ್ಟೋಬ್ಯಾಸಿಲಸ್ ತಳಿಗಳನ್ನು ಕೊಟ್ಟು ನೋಡಿದರು. ಖಾಲಿ ಪುಡಿ ತಿಂದವರಿಗೂ ಇವರಿಗೂ ವ್ಯತ್ಯಾಸವೇ ಇಲ್ಲ. ಹಾಗಾಗಿ ಒಂದು ತಳಿಯ ಫಲಿತಾಂಶ ತೋರಿಸಿ ಹತ್ತು ತಳಿಯ ಡಬ್ಬಿ ಮಾರುವುದು ಸರಿಯಲ್ಲ.

ರೇಖಾ

ನನ್ನ ಮಗನಿಗೆ ಭೇದಿ ಆದಾಗ ಆ ಸಣ್ಣ ಬಾಟಲಿ ಔಷಧಿ ಕುಡಿಸಿದೆವು, ಎರಡು ದಿನದಲ್ಲಿ ನಿಂತಿತು. ಕಣ್ಣಾರೆ ನೋಡಿದ್ದೀನಿ. ಸಂಶೋಧನೆ ಏನಾದರೂ ಹೇಳಲಿ.

ಗಿರೀಶ್

ರೇಖಾ ಮೇಡಂ, ನಿಂತಿದ್ದು ನಿಜವೇ. ಆದರೆ ಮಕ್ಕಳ ಭೇದಿ ಹೆಚ್ಚಾಗಿ ಕೆಲವು ದಿನದಲ್ಲಿ ತಾನಾಗೇ ನಿಲ್ಲುತ್ತದೆ, ಅದಕ್ಕೇ ಖಾಲಿ ಪುಡಿಯ ಗುಂಪು ಬೇಕಾಗುವುದು. ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಒಂದು ವಿಷಯದ ಎಲ್ಲ ಅಧ್ಯಯನ ಒಟ್ಟುಗೂಡಿಸಿ ತೂಗಿ ನೋಡುತ್ತದೆ. ಅದರ 2020ರ ವಿಮರ್ಶೆಯಲ್ಲಿ 82 ಅಧ್ಯಯನ ಜರಡಿ ಹಿಡಿದಿದ್ದಾರೆ. ದೊಡ್ಡದಾಗಿ, ಅಚ್ಚುಕಟ್ಟಾಗಿ ಮಾಡಿದವನ್ನಷ್ಟೇ ನೋಡಿದರೆ ಲಾಭ ಹೆಚ್ಚುಕಡಿಮೆ ಮಾಯ. ಮುಂದೆ ಭೇದಿ ಆದರೆ ಓಆರ್‌ಎಸ್, ಜಿಂಕ್ ಮಾತ್ರ ದಯವಿಟ್ಟು ಬಿಡಬೇಡಿ.

ಡಾ. ವಾಣಿ

ಆಂಟಿಬಯಾಟಿಕ್ ವಿಷಯಕ್ಕೆ ಬರುತ್ತೇನೆ. ಅದರಿಂದ ಕೆಲವರಿಗೆ ಸಿ. ಡಿಫಿಸಿಲ್ ಅನ್ನುವ ಕೆಟ್ಟ ಭೇದಿ ಬರುತ್ತದೆ. 2017ರ ಕಾಕ್ರೇನ್ ಲೆಕ್ಕದಲ್ಲಿ ಪ್ರೊಬಯಾಟಿಕ್ ಇಲ್ಲದವರಲ್ಲಿ ಶೇ. 4 ಮಂದಿಗೆ ಬಂದರೆ, ತಗೊಂಡವರಲ್ಲಿ ಶೇ. 1.5. ಆದರೆ ಲಾಭ ಕಂಡಿದ್ದು ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ. ಮನೆಯಲ್ಲೇ ಇದ್ದು ಉರಿಮೂತ್ರಕ್ಕೆ ಮಾತ್ರೆ ನುಂಗುವವರಿಗೆ ಅದೇ ಲಾಭ ಅಂದುಕೊಳ್ಳುವ ಹಾಗಿಲ್ಲ. ಅತ್ತ ಬ್ರಿಟನ್ನಿನಲ್ಲಿ 65 ದಾಟಿದ ಸುಮಾರು 3,000 ಒಳರೋಗಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, 2013ರದ್ದು, ಏನೂ ಲಾಭ ಸಿಗಲಿಲ್ಲ. ನಾನೂ ಎಲ್ಲರಿಗೂ ಬರೆಯುವುದಿಲ್ಲ.

‘ತಿಂದರೆ ನಷ್ಟ ಏನು’ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ತೀವ್ರ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇದ್ದವರಿಗೆ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಬಂದಾಗ ಪ್ರೊಬಯಾಟಿಕ್ ಗುಂಪಿನಲ್ಲಿ ಶೇ. 16 ಸಾವು, ಇನ್ನೊಂದರಲ್ಲಿ ಶೇ. 6. ಆರೋಗ್ಯವಾಗಿರುವವರಿಗೆ ಇಂಥ ಭಯ ಬೇಡ, ಆದರೆ ಕೀಮೋ ನಡೆಯುತ್ತಿರುವವರು, ಐಸಿಯುನಲ್ಲಿರುವವರು, ತಿಂಗಳು ತುಂಬದೆ ಹುಟ್ಟಿದ ಮಕ್ಕಳು, ಇವರಿಗೆಲ್ಲ ಡಾಕ್ಟರನ್ನು ಕೇಳದೆ ಕೊಡಲೇಬಾರದು.

ಮಂಜುನಾಥ್, ಫಾರ್ಮಸಿಸ್ಟ್

ಡಬ್ಬಿಯನ್ನು ತಿರುಗಿಸಿ ಹಿಂದೆ ಓದಿ. ಬರೀ ‘ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್’ ಅಂತಿದ್ದರೆ ಸಾಲದು, ಮುಂದೆ ‘ಜಿಜಿ’ ಥರ ತಳಿಯ ಗುರುತು ಇರಬೇಕು. ಅದಿಲ್ಲದಿದ್ದರೆ ಯಾವ ಅಧ್ಯಯನಕ್ಕೆ ಹೋಲಿಸುತ್ತೀರಿ? ಇನ್ನೊಂದು, ಆ 50 ಬಿಲಿಯನ್ ತಯಾರಾದ ದಿನದ ಲೆಕ್ಕವೋ, ಎಕ್ಸ್‌ಪೈರಿವರೆಗೆ ಉಳಿಯುವ ಲೆಕ್ಕವೋ ನೋಡಿ. ಜೀವಂತ ಬ್ಯಾಕ್ಟೀರಿಯಾ ದಿನ ಕಳೆದಂತೆ ಸಾಯುತ್ತವೆ, ಬಿಸಿಲಲ್ಲಿ ಇನ್ನೂ ಬೇಗ. ಫ್ರಿಜ್ಜಿನಲ್ಲಿಡಿ ಅಂತ ಬರೆದ ಡಬ್ಬಿ ಅಂಗಡಿಯ ಶೆಲ್ಫಿನಲ್ಲಿದ್ದರೆ ಕೊಳ್ಳಬೇಡಿ.

ಸುಮಾ, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿಯ ಮೇಲೆ ತಳಿಯ ಗುರುತು ಒಂದಕ್ಕೂ ಇಲ್ಲ. ಹಾಗಾದರೆ ಉಬ್ಬರಕ್ಕೆ ಏನು ಮಾಡೋದು ಮೇಡಂ? ಮೊಸರು ಸಾಕಾ?

ಡಾ. ವಾಣಿ

ಮೊಸರು ಒಳ್ಳೆಯ ಊಟ, ಒಗ್ಗಿದರೆ ತಿನ್ನಲಿ. ಅದನ್ನು ಔಷಧಿ ಅಂತ ಲೆಕ್ಕ ಹಾಕಬೇಡಿ, ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಅಂತ ಯಾರೂ ಅಳೆದಿರುವುದಿಲ್ಲ. ಕುದಿಸಿದ ಮಜ್ಜಿಗೆ ಹುಳಿಯಲ್ಲಂತೂ ಅವು ಬದುಕಿರುವುದಿಲ್ಲ.

ಐಬಿಎಸ್, ಅಂದರೆ ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ಪದೇ ಪದೇ ಕಾಡುವ ಕರುಳಿನ ತೊಂದರೆ, ಅಂತ ಖಚಿತವಾದವರಿಗೂ ಪ್ರೊಬಯಾಟಿಕ್ ಕೊಡಬೇಕಾ ಅನ್ನುವುದರಲ್ಲಿ ತಜ್ಞರಲ್ಲಿ ಒಮ್ಮತ ಇಲ್ಲ. ಅಮೆರಿಕದ ಜಠರ ತಜ್ಞರ ಸಂಘ ಪ್ರಯೋಗದಲ್ಲಿ ಬಿಟ್ಟು ಬೇರೆಡೆ ಬೇಡ ಅಂತ 2020ರಲ್ಲಿ ಹೇಳಿತು. ಬ್ರಿಟನ್ನಿನವರು 2021ರಲ್ಲಿ, ಬೇಕೆನ್ನುವವರು 12 ವಾರದವರೆಗೆ ನೋಡಲಿ, ಗುಣ ಕಾಣದಿದ್ದರೆ ನಿಲ್ಲಿಸಲಿ ಅಂದರು.

ಆದರೆ ನಿಮ್ಮ ತಾಯಿಯ ವಿಷಯ ಬೇರೆ. 50 ದಾಟಿದ ಹೆಂಗಸರಿಗೆ ಹೊಸದಾಗಿ ಶುರುವಾದ ಉಬ್ಬರ ಬಿಡದೆ ಕಾಡುತ್ತಿದ್ದರೆ ಅದನ್ನು ಗ್ಯಾಸ್ ಅಂತ ಸುಮ್ನೆ ಬಿಡಬಾರದು. ಅಪರೂಪಕ್ಕೆ ಅಂಡಾಶಯದ ಕ್ಯಾನ್ಸರ್ ಹೀಗೇ ಶುರುವಾಗುತ್ತದೆ. ತೂಕ ಇಳಿದಿದೆಯಾ, ಬೇಗ ಹೊಟ್ಟೆ ತುಂಬಿದ ಹಾಗಾಗುತ್ತದಾ, ಪದೇ ಪದೇ ಮೂತ್ರಕ್ಕೆ ಹೋಗುತ್ತಾರಾ ಕೇಳಿ. ಉತ್ತರ ಏನೇ ಇರಲಿ, ಈ ವಾರವೇ ಡಾಕ್ಟರಿಗೆ ತೋರಿಸಿ, ಸ್ಕ್ಯಾನಿಂಗ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಡಬ್ಬಿಯ ದುಡ್ಡು ಅದಕ್ಕಿರಲಿ.