ಮನೆ ಅಡವಿಟ್ಟು ಇಂಜಿನಿಯರಿಂಗ್ ಓದಿಸ್ಬೇಕಾ? ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಹತ್ರ ಕೇಳಿ

ಪ್ರಶ್ನೆ (ಕಾಪುವಿನಿಂದ): ನಮಸ್ತೆ ಸರ್. ಮಗನಿಗೆ ಪಿಯುಸಿ ಸಯನ್ಸಲ್ಲಿ 68 ಪರ್ಸೆಂಟ್, ಸಿಇಟಿ ರ‍್ಯಾಂಕ್ ತುಂಬಾ ಹಿಂದೆ ಉಂಟು. ಒಂದು ಪ್ರೈವೇಟ್ ಕಾಲೇಜಲ್ಲಿ ಮ್ಯಾನೇಜ್ಮೆಂಟ್ ಸೀಟ್ ಕೊಡ್ತೇವೆ ಹೇಳಿದ್ರು, ಕಂಪ್ಯೂಟರ್ ಬ್ರಾಂಚ್, ವರ್ಷಕ್ಕೆ 2 ಲಕ್ಷ, ಈ ವಾರವೇ 50 ಸಾವಿರ ಅಡ್ವಾನ್ಸ್ ಕಟ್ಬೇಕಂತೆ. ಇವರು ಮಸ್ಕತ್ತಲ್ಲಿ ಡ್ರೈವರ್. ಅತ್ತೆ ಹೆಸರಲ್ಲಿ ಮನೆ, 12 ಸೆಂಟ್ಸ್ ಜಾಗ ಉಂಟು, ಅದನ್ನು ಅಡವಿಟ್ಟು ಲೋನ್ ತೆಗಿಯುವ ಅಂತ ಇವರು. ಭಾವ ಹೇಳುದು ಡಿಗ್ರಿ ಎಲ್ಲ ವೇಸ್ಟ್, ಗ್ಯಾರೇಜಿಗೆ ಹಾಕಿ ಅಂತ. ಮಗನಿಗೆ ಬೈಕ್ ಬಿಚ್ಚಿ ಜೋಡಿಸುದಂದ್ರೆ ಪ್ರಾಣ. ನಮಗೆ ಎಂತ ಮಾಡ್ಬೇಕು ಗೊತ್ತಾಗ್ತಿಲ್ಲ.

ಉತ್ತರ: ಅಕ್ಕ, ಮೊದ್ಲು ಲೆಕ್ಕ ನೋಡುವ. ವರ್ಷಕ್ಕೆ 2 ಲಕ್ಷದ ಹಾಗೆ ನಾಲ್ಕು ವರ್ಷಕ್ಕೆ 8 ಲಕ್ಷ ತೆಗೆದ್ರಿ, ಬಡ್ಡಿ 10 ಪರ್ಸೆಂಟ್ ಅಂತ ಇಟ್ಕೊಳ್ಳಿ. ಎಜುಕೇಶನ್ ಲೋನಲ್ಲಿ ಓದುವಾಗ ಮತ್ತೆ ಓದು ಮುಗಿದು ಒಂದು ವರ್ಷ ಕಂತು ಕಟ್ಲಿಕ್ಕಿಲ್ಲ, ಆದ್ರೆ ಬಡ್ಡಿ ನಿಲ್ಲುದಿಲ್ಲ, ಮೊದಲ ವರ್ಷ 20 ಸಾವಿರ, ಎರಡನೇ ವರ್ಷ 40, ಮತ್ತೆ 60, 80, ಕೊನೆಗೆ ಇನ್ನೊಂದು 80 ಸಾವಿರ, ಒಟ್ಟು 2.8 ಲಕ್ಷ ಅಸಲಿಗೆ ಸೇರ್ತದೆ. ಕಂತು ಶುರುವಾಗುವಾಗ ಸಾಲ 10.8 ಲಕ್ಷ. ಹತ್ತು ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ 14 ಸಾವಿರದ ಮೇಲೆ, ಎಲ್ಲ ಮುಗಿಯುವಾಗ ನೀವು ಕಟ್ಟಿದ್ದು 17 ಲಕ್ಷ ದಾಟ್ತದೆ. ಹಾಸ್ಟೆಲ್, ಬಸ್ಸು, ಲ್ಯಾಪ್‌ಟಾಪ್ ಇದರಲ್ಲಿ ಇಲ್ಲ.

ಈಗ ಆ ಕಡೆ ನೋಡಿ. ದೊಡ್ಡ ಐಟಿ ಕಂಪೆನಿಗಳು ಹೊಸಬರಿಗೆ ಕೊಡುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಎಷ್ಟೋ ವರ್ಷದಿಂದ ಹಾಗೇ ಉಂಟು. ಕೈಗೆ ಬರುದು 25 ಸಾವಿರದ ಒಳಗೆ. ಬೆಂಗ್ಳೂರಲ್ಲಿ ಪಿಜಿ, ಊಟಕ್ಕೆ ಹೋಗಿ ಅದರಲ್ಲಿ 14 ಸಾವಿರ ಕಂತು ಎಲ್ಲಿಂದ ಕಟ್ಟುದು? ಕಂತು ಮೊದಲ ಸಂಬಳದ ಮೂರನೇ ಒಂದು ಪಾಲು ದಾಟ್ಬಾರದು, ದಾಟಿದ್ರೆ ಕಟ್ಟುವುದು ಮಗ ಅಲ್ಲ, ಮಸ್ಕತ್ತಲ್ಲಿರುವವರು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. 2024ರ ನವೆಂಬರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಅಂತ ಕೇಂದ್ರ ಸರ್ಕಾರದ ಎಜುಕೇಶನ್ ಲೋನ್ ಯೋಜನೆಯಲ್ಲಿ ಕುಟುಂಬದ ಆದಾಯ 8 ಲಕ್ಷದೊಳಗೆ ಇದ್ರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಪರ್ಸೆಂಟ್ ಸಹಾಯ ಉಂಟು, ಆದ್ರೆ ಅದು ಅವರ ಪಟ್ಟಿಯಲ್ಲಿರುವ ಕಾಲೇಜಿಗೆ, ಮೆರಿಟಲ್ಲಿ ಸೀಟ್ ಸಿಕ್ಕಿದವರಿಗೆ. ಮ್ಯಾನೇಜ್ಮೆಂಟ್ ಸೀಟಿಗೆ ಇಲ್ಲ. ಸೆಕ್ಯೂರಿಟಿ ಇಲ್ಲದೆ ಏಳೂವರೆ ಲಕ್ಷದವರೆಗೆ ಕೊಡುವ ಮಾಮೂಲಿ ಎಜುಕೇಶನ್ ಲೋನಲ್ಲೂ ಮ್ಯಾನೇಜ್ಮೆಂಟ್ ಸೀಟ್ ಅಂದ ಕೂಡ್ಲೇ ಬ್ಯಾಂಕಿನವರು ಜಾಗದ ಪತ್ರ ಕೇಳ್ತಾರೆ. ಅಂದ್ರೆ ದುಬಾರಿ ಸೀಟಿಗೆ ದುಬಾರಿ ಸಾಲ, ಅದ್ರ ಮೇಲೆ ಅತ್ತೆಯ ಮನೆ. ಇಷ್ಟಕ್ಕೂ ಹುಡುಗ ಕೇಳದ ಬ್ರಾಂಚ್! ನನ್ನ ಅಭಿಪ್ರಾಯ ಕೇಳಿದ್ರೆ ಖಂಡಿತಾ ಬೇಡ.

ಆದ್ರೆ ಭಾವನ ಮಾತೂ ಕೇಳ್ಬೇಡಿ. ಹುಡುಗನಿಗೆ ಗಾಡಿ ಇಷ್ಟ ಅಲ್ವಾ, ಮಂಗಳೂರು ಕದ್ರಿಯ ಕೆಪಿಟಿ ಉಂಟಲ್ಲ, 1946ರಿಂದ ಇರುವ ಸರ್ಕಾರಿ ಪಾಲಿಟೆಕ್ನಿಕ್, ಅಲ್ಲಿ ಆಟೋಮೊಬೈಲ್, ಮೆಕ್ಯಾನಿಕಲ್ ಎಲ್ಲ ಉಂಟು, ವರ್ಷದ ಫೀಸ್ ಕೆಲವು ಸಾವಿರದಲ್ಲಿ ಮುಗಿತದೆ. ಪಿಯುಸಿ ಸಯನ್ಸ್ ಆದವರು ಲೇಟರಲ್ ಎಂಟ್ರಿಯಲ್ಲಿ ಸೀದಾ ಎರಡನೇ ವರ್ಷಕ್ಕೆ ಸೇರ್ಬಹುದು. ಬೈಕಂಪಾಡಿಯಲ್ಲಿ ಜಿಟಿಟಿಸಿ ಅಂತ ಸರ್ಕಾರಿ ತರಬೇತಿ ಕೇಂದ್ರ ಕೂಡ ಉಂಟು, ಟೂಲ್ ಅಂಡ್ ಡೈ, ಅಂದ್ರೆ ಫ್ಯಾಕ್ಟರಿಯ ಅಚ್ಚು, ಉಪಕರಣ ಮಾಡುವ ಕೆಲಸಕ್ಕೆ ಒಳ್ಳೆ ಹೆಸರು. ಮಗನನ್ನು ಕರ್ಕೊಂಡು ಹೋಗಿ ವರ್ಕ್‌ಶಾಪ್ ತೋರಿಸಿ.

ಪ್ರಶ್ನೆ (ಅವರೇ): ಆದ್ರೆ ಸರ್, ಡಿಪ್ಲೊಮಾ ಅಂದ್ರೆ ನೆಂಟ್ರೆಲ್ಲ ಬಿಇ ಸಿಗ್ಲಿಲ್ಲ ಅಂತ ಹೇಳ್ತಾರೆ.

ಉತ್ತರ: ಹೇಳ್ಲಿ ಅಕ್ಕ, ಕಂತು ಅವರು ಕಟ್ಟುದಿಲ್ಲ. ಡಿಪ್ಲೊಮಾ ಮುಗಿಸಿ ಡಿಸಿಇಟಿ, ಅಂದ್ರೆ ಡಿಪ್ಲೊಮಾದವರ ಸಿಇಟಿ, ಬರೆದ್ರೆ ಬಿಇ ಎರಡನೇ ವರ್ಷಕ್ಕೆ ಸೇರ್ಲಿಕ್ಕೆ ಆಗ್ತದೆ. ಒಟ್ಟು ಐದು ವರ್ಷ, ಒಂದು ವರ್ಷ ಜಾಸ್ತಿ ಅಷ್ಟೇ, ಅದೇ ಬಿಇ ಕೈಯಲ್ಲಿರ್ತದೆ. ರ‍್ಯಾಂಕ್ ಚೆನ್ನಾಗಿ ಬಂದ್ರೆ ಸರ್ಕಾರಿ ಕೋಟಾದ ಫೀಸಲ್ಲಿ ಓದ್ಬಹುದು, ಬೇಡ ಅನಿಸಿದ್ರೆ ಡಿಪ್ಲೊಮಾದಲ್ಲೇ ಕೆಲಸಕ್ಕೆ ಹೋಗ್ಬಹುದು.

ಪ್ರಶ್ನೆ (ಉಡುಪಿಯಿಂದ, ಲೆಕ್ಚರರ್): ಸರ್, ಒಂದು ವಿರೋಧ ಉಂಟು. ನನ್ನ ಅಪ್ಪ ಸಾಲ ಮಾಡಿ ಓದಿಸದಿದ್ರೆ ನಾನು ಇವತ್ತು ದೋಣಿಯಲ್ಲಿ ಇರ್ತಿದ್ದೆ. ಸಾಲ ಬೇಡ ಅಂದ್ರೆ ಬಡವರ ಮಕ್ಕಳು ಓದುದು ಹೇಗೆ?

ಉತ್ತರ: ನೀವು ಹೇಳುದು ಸರಿ, ನಾನು ಸಾಲ ಬೇಡ ಅಂತ ಹೇಳ್ಲೇ ಇಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ನಿಮ್ಮ ಉಡುಪಿಯಿಂದಲೇ, ದಿನಕ್ಕೆ ಚಿಲ್ಲರೆ ಕೂಡಿಟ್ಟು ಮಕ್ಕಳನ್ನು ಓದಿಸಿದ ಊರು ನಮ್ದು. ಮೆರಿಟ್ ಸೀಟಿಗೆ, ಹುಡುಗ ಬೇಕು ಅಂತ ಆರಿಸಿದ ಕೋರ್ಸಿಗೆ ಧೈರ್ಯದಲ್ಲಿ ಸಾಲ ತೆಗಿರಿ. ಮೆರಿಟ್ ಇದ್ದು ಆದಾಯ 8 ಲಕ್ಷದೊಳಗೆ ಇದ್ರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ, ಅಂದ್ರೆ ಕಡಿಮೆ ಆದಾಯದವರಿಗೆ ಇಟ್ಟ ಹೆಚ್ಚುವರಿ ಸೀಟ್ ಸಿಗ್ತದೆ, ಟ್ಯೂಷನ್ ಫೀಸೇ ಮಾಫಿ, ಆ ಆಪ್ಷನ್ ಹಾಕದೆ ಬಿಡುವವರನ್ನು ನೋಡಿದ್ರೆ ಹೊಟ್ಟೆ ಉರಿತದೆ. ಸಾಲ ತೆಗೆದ ಮೇಲೆ ಓದುವಾಗಲೇ ಬಡ್ಡಿ ಮಾತ್ರ ಕಟ್ತಾ ಹೋಗಿ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿ ತಿಂಗಳಿಗೆ 1,700 ಕೂಡ ಇಲ್ಲ. ಹಾಗೆ ಕಟ್ಟಿದ್ರೆ ಸಾಲ 8 ಲಕ್ಷದಲ್ಲೇ ನಿಲ್ತದೆ, ಕಂತು 14 ಸಾವಿರ ಇದ್ದದ್ದು ಹತ್ತೂವರೆ ಸಾವಿರಕ್ಕೆ ಇಳಿತದೆ.

ಪ್ರಶ್ನೆ (ಬಜಪೆಯಿಂದ): ಮಗಳು ಕಾರ್‌ಸ್ಟ್ರೀಟ್ ಸರ್ಕಾರಿ ಕಾಲೇಜಲ್ಲಿ ಬಿಕಾಂ ಸೇರ್ತೇನೆ ಹೇಳ್ತಾಳೆ. ಬರೀ ಬಿಕಾಂನಿಂದ ಎಂತ ಪ್ರಯೋಜನ ಸರ್?

ಉತ್ತರ: ಕಣ್ಣು ಮುಚ್ಚಿ ಸೇರಿಸಿ ಅಣ್ಣ. ಆ ಫೀಸಿಗೆ ಡಿಗ್ರಿ ಸಿಗುದಾದ್ರೆ ನಷ್ಟದ ಮಾತೇ ಇಲ್ಲ. ಬ್ಯಾಂಕ್ ಕೆಲಸಕ್ಕೆ ಬರೆಯುವ ಐಬಿಪಿಎಸ್ ಪರೀಕ್ಷೆಯಲ್ಲಿ ಕ್ಲರ್ಕ್, ಪಿಒ (ಆಫೀಸರ್) ಎರಡಕ್ಕೂ ಯಾವುದಾದ್ರೂ ಒಂದು ಡಿಗ್ರಿ ಸಾಕು, ಲಕ್ಷ ಲಕ್ಷ ಕೊಟ್ಟು ಬಿಇ ಮಾಡಿದವರೂ ಬಿಕಾಂ ಹುಡುಗಿಯೂ ಒಂದೇ ಪೇಪರ್ ಬರಿಯುದು. ಜೊತೆಗೆ ಟ್ಯಾಲಿ, ಜಿಎಸ್‌ಟಿ ಕಲಿತು ರಜೆಯಲ್ಲಿ ಯಾವುದಾದ್ರೂ ಸಿಎ ಆಫೀಸಲ್ಲಿ ಕೂತು ರಿಟರ್ನ್ ಹಾಕುದು ನೋಡ್ಲಿ, ಆಗ ಬರೀ ಬಿಕಾಂ ಅಂತ ಯಾರೂ ಹೇಳುದಿಲ್ಲ.

ಪ್ರಶ್ನೆ (ಕಾಪುವಿನಿಂದ): ಸರ್, ಅಯ್ಯೋ, ಇವರು ನಿನ್ನೆಯೇ 50 ಸಾವಿರ ಆನ್‌ಲೈನಲ್ಲಿ ಕಳಿಸಿದ್ದಾರಂತೆ. ಹೋಯ್ತಾ?

ಉತ್ತರ: ಗಾಬರಿ ಆಗ್ಬೇಡಿ. ಕ್ಲಾಸ್ ಶುರುವಾಗುವ ಮೊದ್ಲು ಸೀಟ್ ಬಿಟ್ರೆ ಪ್ರೊಸೆಸಿಂಗ್ ಫೀಸ್ ಅಂತ 1,000 ರೂಪಾಯಿಗಿಂತ ಜಾಸ್ತಿ ಹಿಡಿಯುವ ಹಾಗಿಲ್ಲ ಅಂತ ಎಐಸಿಟಿಇ, ಅಂದ್ರೆ ಇಂಜಿನಿಯರಿಂಗ್ ಕಾಲೇಜುಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯ ನಿಯಮ ಉಂಟು. ನಾಳೆಯೇ ಪ್ರಿನ್ಸಿಪಾಲರ ಹೆಸರಿಗೆ ಸೀಟ್ ಬೇಡ ಅಂತ ಅರ್ಜಿ ಬರೆದು ರಶೀದಿಯ ಝೆರಾಕ್ಸ್ ಜೊತೆ ಕೊಡಿ, ಇನ್ನೊಂದು ಕಾಪಿಯಲ್ಲಿ ತಾರೀಕು ಹಾಕಿ ಸೀಲ್ ಹೊಡೆಸ್ಕೊಳ್ಳಿ, ಇಮೇಲೂ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ರೆ ಅದನ್ನೂ ಅದೇ ಅರ್ಜಿಯಲ್ಲಿ ವಾಪಸ್ ಕೇಳಿ, ಕೆಪಿಟಿಗೆ ಅದು ಬೇಕಾಗ್ತದೆ.